ಗಾಂಜಾಕ್ಕೆ ಲೈಸೆನ್ಸ್ ಬಂದರೆ ಅದು ಯಾರ ಕೈಗೆ?

"ಅಣ್ಣ, ನಿಮ್ ಕಡೆ ಗಾಂಜಾ ಅಂಗಡಿ ಹಾಕಿದ್ರ ಭಾಳ ರೊಕ್ಕ ಐತಂತ, ಖರೇನಾ?" ಸಂಡೂರಿನಿಂದ ಫೋನ್ ಮಾಡುವ ಹುಡುಗರು ಇದನ್ನು ಕೇಳೇ ಕೇಳುತ್ತಾರೆ. ನಮ್ಮ ದೇಶದಲ್ಲೂ ಇವತ್ತಲ್ಲ ನಾಳೆ ಕಾನೂನು ಸಡಿಲ ಆಗುತ್ತದೆ, ಮೊದಲೇ ತಯಾರಾಗಿರಬೇಕು ಅನ್ನುವ ಲೆಕ್ಕ ಅವರದು. ನಾನು ಬಳ್ಳಾರಿ ಕಡೆಯವನು, ಈಗ ಟೊರೊಂಟೊ ಪಕ್ಕದಲ್ಲಿದ್ದೇನೆ.

ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾಕ್ಕೆ ಕಾನೂನಿನ ಒಪ್ಪಿಗೆ ಇದೆ. ನಮ್ಮ ಒಂಟಾರಿಯೋ ಪ್ರಾಂತ್ಯದಲ್ಲಿ 19 ತುಂಬಿದವರು 30 ಗ್ರಾಂ ಒಣ ಗಾಂಜಾ ಜೊತೆಗಿಟ್ಟುಕೊಂಡು ಓಡಾಡಬಹುದು. ಅಂಗಡಿಯಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಕೊಡುವ ಡಬ್ಬಿಗೆ ಬಣ್ಣ ಬೆಡಗು ಏನೂ ಇಲ್ಲ, ಹಳದಿ ಚೌಕದೊಳಗೆ ಎಚ್ಚರಿಕೆ ಬರೆದಿರುತ್ತದೆ. ಮುಚ್ಚಳ ಮಕ್ಕಳ ಕೈಗೆ ಬಗ್ಗದಂಥದ್ದು. ತಿನ್ನುವ ಪದಾರ್ಥ ಆದರೆ, ಒಂದು ಪ್ಯಾಕೆಟ್‌ನಲ್ಲಿ ನಶೆ ಏರಿಸುವ ಟಿಎಚ್‌ಸಿ 10 ಮಿಲಿಗ್ರಾಂ ದಾಟುವಂತಿಲ್ಲ. ಈ ಕಟ್ಟುನಿಟ್ಟು ನನಗೆ ಹಿಡಿಸಿದೆ. ಕದ್ದು ಮಾರುವವನು ವಯಸ್ಸು ಕೇಳ್ತಾನಾ? ಏನು ಬೆರೆಸಿದ್ದಾನೆ ಅಂತ ಹೇಳ್ತಾನಾ? ಕ್ವಿಬೆಕ್ ಪ್ರಾಂತ್ಯದವರು 2020ರಲ್ಲಿ ವಯಸ್ಸಿನ ಮಿತಿಯನ್ನು 21ಕ್ಕೆ ಏರಿಸಿದರು. ಅದು ಇನ್ನೂ ಒಳ್ಳೆಯದು.

ರೊಕ್ಕದ ಕಥೆ ಬೇರೆ. ಸ್ಮಿತ್ಸ್ ಫಾಲ್ಸ್ ಅಂತ ಒಂದು ಸಣ್ಣ ಊರು. ಅಲ್ಲಿದ್ದ ಹರ್ಷೀಸ್ ಚಾಕಲೇಟ್ ಕಾರ್ಖಾನೆ ಮುಚ್ಚಿತ್ತು. ಅದೇ ಕಟ್ಟಡದಲ್ಲಿ ಕ್ಯಾನೊಪಿ ಗ್ರೋತ್ ಕಂಪನಿ ಗಾಂಜಾ ಬೆಳೆಯಿತು, ಊರಿಗೆ ಜೀವ ಬಂತು. 2018ರಲ್ಲಿ ಒಂದು ದೊಡ್ಡ ಮದ್ಯದ ಕಂಪನಿ ಅದರಲ್ಲಿ 500 ಕೋಟಿ ಕೆನಡಾ ಡಾಲರ್ ಸುರಿಯಿತು. ಆದರೆ ಎಲ್ಲರೂ ಬೆಳೆದರು, ಮಾಲು ಜಾಸ್ತಿ ಆಯಿತು, ಬೆಲೆ ಬಿತ್ತು. ಗ್ರಾಂಗೆ ಕನಿಷ್ಠ ಒಂದು ಡಾಲರ್ ಸುಂಕ ಮಾತ್ರ ಹಾಗೇ ಉಳಿಯಿತು. 2023ರಲ್ಲಿ ಆ ಕಾರ್ಖಾನೆಯನ್ನು ತಿರುಗಿ ಹರ್ಷೀಸ್‌ಗೇ ಮಾರಿದರು.

ಇದನ್ನು ನಾವು ನೋಡಿಲ್ವಾ? ಚೀನಾಕ್ಕೆ ಅದಿರು ಬೇಕಾದಾಗ ಹೊಲ ಬಗೆದು ಮಾರಿದವರು, ಸಾಲ ಮಾಡಿ ಲಾರಿ ತಂದವರು ನಮ್ಮೂರ ಸುತ್ತ ಎಷ್ಟಿದ್ದರು! 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ಸಾಲಾಗಿ ನಿಂತವು, ಕಂತು ನಿಲ್ಲಲಿಲ್ಲ. ಪರ್ಮಿಟ್ ಕೈಯಲ್ಲಿದ್ದವರು ಮೊದಲೇ ಗಂಟು ಕಟ್ಟಿಕೊಂಡಿದ್ದರು. ಗಾಂಜಾ ಲೈಸೆನ್ಸೂ ಹಾಗೇ ದೊಡ್ಡವರ ಪಾಲಾಗುತ್ತದೆ ಅನ್ನುವುದೇ ನನ್ನ ಭಯ.

ಇವತ್ತು ಸಿಕ್ಕಿಬೀಳುವವನು ಯಾರು? ರಾಯಚೂರು ಕಡೆ ತೊಗರಿ, ಹತ್ತಿ ಸಾಲಿನ ನಡುವೆ ನಾಲ್ಕು ಗಿಡ ಹಚ್ಚಿದ ರೈತ. ಪೊಲೀಸರು ಗಿಡ ಕಿತ್ತು, ಬೇರು ಕಾಂಡ ಎಲೆ ಸಮೇತ ತಕ್ಕಡಿಗೆ ಹಾಕಿ ಪಂಚನಾಮೆ ಬರೆಯುತ್ತಾರೆ. ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಗಾಂಜಾ ಅಂದರೆ ಹೂವು ಅಥವಾ ಕಾಯಿ ಬಿಟ್ಟ ತುದಿ. ತುದಿ ಇಲ್ಲದ ಬರೀ ಎಲೆ, ಬೀಜ ಲೆಕ್ಕಕ್ಕಿಲ್ಲ, ಅದಕ್ಕೇ ಬರೀ ಎಲೆ ಅರೆದು ಮಾಡುವ ಭಂಗಿಗೆ ಈ ಕಾಯ್ದೆ ತಾಗುವುದಿಲ್ಲ. ಹೀಗಿದ್ದೂ ಹಸಿ ಗಿಡದ ಪೂರ್ತಿ ತೂಕವೇ ಕೇಸಿನ ತೂಕ. ಬೆಳೆದದ್ದಕ್ಕೆ 10 ವರ್ಷದವರೆಗೆ ಜೈಲು. ಕಾಲುವೆಯ ಕೊನೆಯಲ್ಲಿ ನೀರು ಸಿಗದೆ ಒದ್ದಾಡುವ ಮನುಷ್ಯನಿಗೆ ಇದು ತುಂಬಾ ದೊಡ್ಡ ಏಟು.

ಹಾಗಾಗಿ ನಶೆಯ ಅಂಗಡಿಗಿಂತ ಮೊದಲು ಹೆಂಪ್ ಬರಲಿ. ಅದೇ ಜಾತಿಯ ಗಿಡ, ಟಿಎಚ್‌ಸಿ ಶೇ 0.3ಕ್ಕಿಂತ ಕಡಿಮೆ. ಉತ್ತರಾಖಂಡ 2018ರಲ್ಲೇ ಅದಕ್ಕೆ ಅನುಮತಿ ಕೊಟ್ಟಿದೆ. 2021ರಲ್ಲಿ ಅದರ ಬೀಜವನ್ನು ಆಹಾರ ಅಂತ ಕೇಂದ್ರ ಒಪ್ಪಿದೆ. ನಾರನ್ನು ಹತ್ತಿ ಜೊತೆ ಬೆರೆಸಿ ಡೆನಿಮ್ ನೇಯಬಹುದು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೈಗಳು ಎಷ್ಟೋ ಇವೆ, ಪಕ್ಕದಲ್ಲೇ ಹತ್ತಿ ಬೆಳೆಯುತ್ತದೆ. ನಮ್ಮ ಬಿಸಿಲಿಗೆ ಯಾವ ತಳಿ ಹೊಂದುತ್ತದೆ, ಬಿಸಿಲಲ್ಲಿ ಟಿಎಚ್‌ಸಿ ಮಿತಿ ದಾಟುತ್ತದಾ ಅನ್ನುವುದನ್ನು ರಾಯಚೂರು ಕೃಷಿ ವಿಶ್ವವಿದ್ಯಾಲಯ ಮೊದಲು ಬೆಳೆದು ನೋಡಲಿ. ಹೊಂದಿದರೆ ಎರಡು ಮೂರು ಎಕರೆಯವರಿಗೆ, ರೈತ ಸಂಘಗಳಿಗೆ ಮೊದಲ ಲೈಸೆನ್ಸ್ ಸಿಗಬೇಕು. ಒಬ್ಬರಿಗೆ ಎಷ್ಟು ಎಕರೆ ಅನ್ನುವ ಮಿತಿಯೂ ನಿಯಮದಲ್ಲೇ ಇರಬೇಕು. ಆಮೇಲೆ ಸೇರಿಸೋಣ ಅಂದರೆ ಯಾರೂ ಸೇರಿಸುವುದಿಲ್ಲ.