ಹಗ್ಗದ ಉದ್ದವನ್ನೂ ಬರೆದುಕೊಳ್ಳಬೇಕು

ಟೆಕ್ಸಸ್ಸಿನ ಸ್ಯಾನ್ ಆಂಟೋನಿಯೊ ದಾಟಿ ದಕ್ಷಿಣಕ್ಕೆ ಹೊರಟರೆ ಬಯಲುಸೀಮೆಯವರಿಗೆ ಗುರುತು ಸಿಗುವಂಥ ನೆಲ ಬರುತ್ತದೆ. ಇಲ್ಲಿಯವರು ಮೆಸ್ಕೀಟ್ ಎನ್ನುವ ಮರ ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ವೀಸಾಚ್ ಎನ್ನುವುದು ಕಸ್ತೂರಿ ಜಾಲಿಯೇ. ನಡುನಡುವೆ ಪಾಪಾಸುಕಳ್ಳಿಯ ಮೆಳೆ. ಈ ಮುಳ್ಳುಸೀಮೆಯ ಲೈವ್ ಓಕ್ ಕೌಂಟಿಯಲ್ಲಿ, ದನ ಸಾಕುವ ರ್‍ಯಾಂಚ್ ಮನೆತನದಲ್ಲಿ 1888ರಲ್ಲಿ ಹುಟ್ಟಿದವರು ಜನಪದ ಕತೆಗಳ ಸಂಗ್ರಹಕಾರ ಜೆ. ಫ್ರ್ಯಾಂಕ್ ಡೋಬಿ. ನಮ್ಮ ಜಾನಪದ ವಿದ್ವಾಂಸರು ಇವರಿಂದ ಒಂದು ವಿಷಯ ಕಲಿಯಬೇಕು, ಇನ್ನೊಂದನ್ನು ಖಂಡಿತ ಕಲಿಯಬಾರದು ಎಂಬುದು ನನ್ನ ಅನಿಸಿಕೆ.

1920ರಲ್ಲಿ ಆಸ್ಟಿನ್ನಿನ ವಿಶ್ವವಿದ್ಯಾಲಯದ ಕೆಲಸ ಬಿಟ್ಟು ಡೋಬಿ ಚಿಕ್ಕಪ್ಪನ ರ್‍ಯಾಂಚ್ ನೋಡಿಕೊಳ್ಳಲು ಹೋದರು. ಅಲ್ಲಿ ಸಾಂತೋಸ್ ಕೋರ್ತೆಸ್ ಎಂಬ ವಕೇರೋ ಹೇಳುತ್ತಿದ್ದ ಕತೆಗಳನ್ನು ಕೇಳಿದರು. ವಕೇರೋ ಅಂದರೆ ಕುದುರೆಯ ಮೇಲೆ ಕೂತು ದನ ಕಾಯುವ ಮೆಕ್ಸಿಕನ್ ಮೂಲದ ಕೆಲಸಗಾರ. ಜಾನ್ ಲೋಮ್ಯಾಕ್ಸ್ ಅಷ್ಟರಲ್ಲಾಗಲೇ ಕೌಬಾಯ್ ಹಾಡುಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದರು. ಕತೆಗಳಿಗೆ ಆ ಕೆಲಸ ತಾನು ಮಾಡಬೇಕೆಂದು ಡೋಬಿ 1921ರಲ್ಲಿ ಪಾಠಕ್ಕೆ ಮರಳಿದರು. ಮುಂದೆ ಸುಮಾರು ಇಪ್ಪತ್ತು ವರ್ಷ ಟೆಕ್ಸಸ್ ಫೋಕ್‌ಲೋರ್ ಸೊಸೈಟಿಯ ಸಂಪುಟಗಳ ಸಂಪಾದಕರು ಅವರೇ. ಪಿಎಚ್‌.ಡಿ. ಮಾಡಲಿಲ್ಲ, ಆದರೂ ಪ್ರೊಫೆಸರ್ ಆದರು. ನೈಋತ್ಯ ಸೀಮೆಯ ಸಾಹಿತ್ಯದ ಪಾಠ ಶುರುಮಾಡುತ್ತೇನೆ ಎಂದಾಗ ‘ಅಲ್ಲಿ ಸಾಹಿತ್ಯ ಎಲ್ಲಿದೆ?’ ಎಂದರಂತೆ ವಿಭಾಗದವರು. ಬದುಕಂತೂ ಧಾರಾಳವಾಗಿದೆ, ಅದನ್ನೇ ಕಲಿಸುತ್ತೇನೆ ಎಂದದ್ದು ಇವರ ಉತ್ತರ.

ಬದುಕು ಎಂದರೆ ಅವರಿಗೆ ಕೆಲಸ. ಹಗ್ಗದ ವಿಷಯವನ್ನೇ ನೋಡಿ. ಕ್ಯಾಲಿಫೋರ್ನಿಯಾದ ಬಯಲಲ್ಲಿ ದನ ಹಿಡಿಯುವವನ ತೊಗಲು ಹಗ್ಗ 60 ಅಡಿ ದಾಟುತ್ತದೆ. ದನಕ್ಕೆ ಕುಣಿಕೆ ಬಿದ್ದ ಮೇಲೆ ಅವನು ಹಗ್ಗದ ತುದಿಯನ್ನು ಜೀನಿನ ಮುಂದಿನ ಗೂಟಕ್ಕೆ ಸುತ್ತುತ್ತಾನೆ. ಬೇಕಾದಾಗ ಸಡಿಲ ಬಿಡಬಹುದು, ಆದರೆ ಹೆಬ್ಬೆರಳು ಗೂಟಕ್ಕೂ ಹಗ್ಗಕ್ಕೂ ನಡುವೆ ಸಿಕ್ಕರೆ ಬೆರಳೇ ಹೋಗುತ್ತದೆ. ಮುಳ್ಳುಸೀಮೆಯಲ್ಲಿ ಕುಣಿಕೆಯನ್ನು ತಲೆಯ ಮೇಲೆ ತಿರುಗಿಸಲು ಜಾಗವೇ ಇಲ್ಲ. ಹಗ್ಗ ಮೋಟು, ಕುಣಿಕೆ ಚಿಕ್ಕದು, ಎರಡು ಪೊದೆಗಳ ನಡುವಿನ ಸಂದಿಯಲ್ಲಿ ಒಂದೇ ಏಟಿಗೆ ಎಸೆಯಬೇಕು. ತುದಿಯನ್ನು ಮೊದಲೇ ಗೂಟಕ್ಕೆ ಬಿಗಿದಿರುತ್ತಾರೆ. ಬೆರಳು ಉಳಿಯುತ್ತದೆ, ಆದರೆ ಹೋರಿ ಅಡ್ಡಕ್ಕೆ ನುಗ್ಗಿ ಜಗ್ಗಿದರೆ ಕುದುರೆ, ಸವಾರ ಇಬ್ಬರೂ ನೆಲಕ್ಕೆ. ತೊಗಲಿನ ಕಾಲುಗವಸು, ರಿಕಾಪಿಗೆ ತೊಗಲಿನ ಮುಸುಕು ಬಂದದ್ದೂ ಮುಳ್ಳಿನಿಂದಲೇ.

ಹಿಡಿದ ಕಾಡುಹೋರಿಯನ್ನು ಮನೆಗೆ ತರುವುದು ಹೇಗೆ? ಪಳಗಿದ ಎತ್ತೊಂದರ ಕುತ್ತಿಗೆಗೆ ಅದನ್ನು ಜೋಡಿ ಕಟ್ಟಿ ಬಿಟ್ಟುಬಿಡುವುದು. ಜೋಳ ತಿನ್ನುವ ರೂಢಿಯಿರುವ ಆ ಎತ್ತು ದಿನಗಟ್ಟಲೆಯಾದರೂ ಸರಿ, ಹೋರಿಯನ್ನು ಎಳೆದುಕೊಂಡು ದೊಡ್ಡಿಗೆ ಬಂದೇ ಬರುತ್ತದೆ. ಜಾರುವ ಗಂಟು ಹಾಕಿದರೆ ಮಾತ್ರ ದಾರಿಯಲ್ಲೇ ಉಸಿರುಕಟ್ಟಿ ಸಾಯುತ್ತವೆ. ಬರಗಾಲದಲ್ಲಿ ಪಾಪಾಸುಕಳ್ಳಿಯೇ ಮೇವು. ಬೆಂಕಿಯುಗುಳುವ ಬರ್ನರ್ ಹಿಡಿದು ಮುಳ್ಳು ಸುಡುತ್ತಾರೆ. ಸುಡದೆ ತಿಂದ ದನದ ನಾಲಿಗೆ, ವಸಡುಗಳಲ್ಲಿ ಮುಳ್ಳು ನೆಟ್ಟು ಕೀವಾಗುತ್ತದೆ. ಬರೀ ಕಳ್ಳಿಯನ್ನೇ ಹಾಕಿದರೆ ಭೇದಿ ಹತ್ತಿ ದನ ಸೊರಗುತ್ತದೆ. ಅದಕ್ಕೇ ಜೊತೆಗೆ ಹತ್ತಿಕಾಳಿನ ಹಿಂಡಿ.

ಇಂಥದ್ದೆಲ್ಲ ಡೋಬಿಯವರಲ್ಲಿ ಜಾನಪದದ ಒಳಗೇ ಇದೆ. ನಮ್ಮಲ್ಲಿ ಜಾನಪದ ಎಂದ ಕೂಡಲೇ ಹಾಡು. ಕಾಡುಗೊಲ್ಲರ ಜುಂಜಪ್ಪನ ಕಾವ್ಯ ನಮಗೆ ಗೊತ್ತು. ಆದರೆ ಆ ಕಾವ್ಯದೊಳಗಿನ ದನಗಾಹಿಯ ಕಸುಬಿಗೆ ನಾವು ಎಷ್ಟು ಪುಟ ಕೊಟ್ಟಿದ್ದೇವೆ? ಚಿತ್ರದುರ್ಗದ ಕಡೆ ಮ್ಯಾಸಬೇಡರ ದೇವರ ಎತ್ತುಗಳನ್ನು ಕಾಯುವ ಕಿಲಾರಿ ಇದ್ದಾನಲ್ಲ, ಅವನು ನಮ್ಮ ವಕೇರೋ. ಅವನ ಭಕ್ತಿ ದಾಖಲಾಗಿದೆ, ಹಗ್ಗ ದಾಖಲಾಗಿಲ್ಲ. ರಾಮನಗರದ ಜಾನಪದ ಲೋಕಕ್ಕಾಗಿ ಎಚ್.ಎಲ್. ನಾಗೇಗೌಡರು ವಸ್ತುಗಳನ್ನು ಕೂಡಿಹಾಕಿದ್ದು ದೊಡ್ಡ ಕೆಲಸವೇ. ಆದರೂ ವಸ್ತು ಗಾಜಿನ ಹಿಂದೆ, ಅದನ್ನು ಬಳಸುವಾಗಿನ ಮಾತು ಇನ್ನೆಲ್ಲೋ.

ಇನ್ನು ಕಲಿಯಬಾರದ್ದು. ಒಂದೇ ಕತೆಯ ಕೇಳಿದ ನಾಲ್ಕು ಪಾಠಗಳನ್ನು, ಅಂದರೆ ಬೇರೆಬೇರೆ ರೂಪಗಳನ್ನು, ಕಲಸಿ, ತಿದ್ದಿ ತೀಡಿ ಒಂದು ಚೆಂದದ ಕತೆ ಮಾಡುವುದು ಡೋಬಿಯವರ ರೂಢಿ. ಕತೆ ಹೇಳುವವರ ಸಾಲಿನಲ್ಲಿ ತಾನೂ ಒಬ್ಬ ಎನ್ನುವ ಧೋರಣೆ. 1929ರ ಅವರ ಮೊದಲ ಪುಸ್ತಕ ಜಾನ್ ಯಂಗ್ ಎಂಬ ಹಳೆಯ ದನಗಾರನ ನೆನಪುಗಳನ್ನು ‘ನಾನು’ ಎಂದೇ ಹೇಳುತ್ತದೆ. ವಾಕ್ಯ ಯಂಗ್‌ನದೋ ಡೋಬಿಯದೋ ಬಿಡಿಸಿ ಹೇಳುವುದು ಕಷ್ಟ. ಓದಲು ಸೊಗಸು, ಆಧಾರಕ್ಕೆ ಸಾಲದು. ಇದಕ್ಕೆ ಉತ್ತರದಂತೆ ಬಂದದ್ದು ಗಡಿಯೂರು ಬ್ರೌನ್ಸ್‌ವಿಲ್‌ನ ಜಾನಪದ ವಿದ್ವಾಂಸ ಅಮೇರಿಕೊ ಪರೇದೆಸ್ ಅವರ 1958ರ ಅಧ್ಯಯನ. ಒಂದೇ ಲಾವಣಿಯ ಹಲವು ಪಾಠಗಳನ್ನು ಎದುರಿಗಿಟ್ಟು, ಯಾವುದು ಎಲ್ಲಿ ಬದಲಾಯಿತು ಎಂದು ಅವರು ತೋರಿಸಿದರು. ದನದ ಒಡೆಯನ ಕಣ್ಣಿಗೂ ವಕೇರೋನ ಕಣ್ಣಿಗೂ ಇರುವ ಅಂತರವೂ ಅಲ್ಲಿ ಎದ್ದು ಕಾಣುತ್ತದೆ. ಹಾಡಿದವರ ಹೆಸರು, ಊರು ಬರೆದು ಪಾಠವನ್ನು ಮುಟ್ಟದೆ ಇಡುವ ನಮ್ಮ ಒಳ್ಳೆಯ ಸಂಗ್ರಹಕಾರರ ಶಿಸ್ತು ಡೋಬಿಗಿಂತ ಮೇಲು. ಅದನ್ನು ಬಿಡಬಾರದು.

ಡೋಬಿ ಕತೆಯ ಜೊತೆಗೆ ದನವನ್ನೂ ಉಳಿಸಲು ಓಡಾಡಿದರು. ಲಾಂಗ್‌ಹಾರ್ನ್ ತಳಿ ಅಳಿಯುವ ಹಂತಕ್ಕೆ ಬಂದಾಗ, 1940ರ ದಶಕದಲ್ಲಿ ತೈಲೋದ್ಯಮಿ ಸಿಡ್ ರಿಚರ್ಡ್‌ಸನ್‌ರ ದುಡ್ಡು, ದನಗಾರ ಗ್ರೇವ್ಸ್ ಪೀಲರ್‌ರ ಕಣ್ಣಳತೆ ಸೇರಿಸಿ ಒಂದು ಮಂದೆ ಕಟ್ಟಿದರು. ಅದರ ಸಂತತಿ ಇಂದು ಫೋರ್ಟ್ ಗ್ರಿಫಿನ್‌ನಲ್ಲಿ ಟೆಕ್ಸಸ್ ರಾಜ್ಯದ ಅಧಿಕೃತ ಮಂದೆ. ನಮ್ಮ ಅಮೃತಮಹಲ್‌ಗೆ ಅಜ್ಜಂಪುರದ ತಳಿ ಕೇಂದ್ರ ಇದೆ, ಹೋರಿಗಳ ಹರಾಜೂ ನಡೆಯುತ್ತದೆ. ಜಾನಪದ ವಿಭಾಗದವರು ಆ ಹರಾಜಿಗೆ ಒಂದು ದಿನ ರೆಕಾರ್ಡರ್ ಹಿಡಿದು ಹೋಗಲಿ. ಯಾವ ಸುಳಿ ಇದ್ದರೆ ರೈತ ಹಿಂದೆ ಸರಿಯುತ್ತಾನೆ, ಕಾವಲಿನಲ್ಲಿ ಬೆಳೆದ ಹೋರಿಗೆ ಮೊದಲ ಹಗ್ಗ ಹಾಕುವವರು ಎಷ್ಟು ಜನ, ಯಾವ ಕಡೆಯಿಂದ ಹೋಗುತ್ತಾರೆ, ಮೂಗುದಾರ ಯಾವ ನಾರಿನದು, ಹೊಸೆದವರು ಯಾರು, ಎಷ್ಟು ಮೊಳ.