ಸತ್ಯಾಂಶ: ಮಕ್ಕಳು ನೋಡಿಕೊಳ್ಳದಿದ್ದರೆ ದಾನಪತ್ರ ತಾನಾಗಿಯೇ ರದ್ದಾಗುತ್ತಾ?

"ಹೆತ್ತವರನ್ನು ನೋಡಿಕೊಳ್ಳದ ಮಕ್ಕಳಿಗೆ ಕೊಟ್ಟ ಆಸ್ತಿ ತಾನಾಗಿಯೇ ವಾಪಸ್!" ಫ್ಯಾಮಿಲಿ ಗ್ರೂಪುಗಳಲ್ಲಿ ಸುತ್ತುವ ಈ ಫಾರ್ವರ್ಡ್ ಅರ್ಧ ನಿಜ. ಆ "ತಾನಾಗಿಯೇ" ಅನ್ನೋದೇ ತಪ್ಪು.

2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಹೇಳುವುದು ಇಷ್ಟು. 60 ತುಂಬಿದವರು "ನನ್ನ ಬೇಕು-ಬೇಡ ನೋಡಿಕೊಳ್ಳಬೇಕು" ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿರಬೇಕು. ಪಡೆದವರು ಕೈಬಿಟ್ಟರೆ, ಅರ್ಜಿ ಹಾಕಿದ ಮೇಲೆ ಟ್ರಿಬ್ಯೂನಲ್, ಅಂದರೆ ಈ ಕಾಯ್ದೆಯಡಿ ದೂರು ಕೇಳುವ ನ್ಯಾಯಮಂಡಳಿ, ಅದನ್ನು ರದ್ದು ಮಾಡಬಹುದು. ಷರತ್ತು ಇತ್ತು ಎಂದು ತೋರಿಸಲೇಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಹಾಗಾದರೆ ಫಾರ್ವರ್ಡ್ ನೆಚ್ಚಿಕೊಂಡಿರುವ, ಸುಪ್ರೀಂ ಕೋರ್ಟಿನದೇ 2025ರ ಜನವರಿಯ ತೀರ್ಪು? ಮಧ್ಯಪ್ರದೇಶದ ತಾಯಿಯೊಬ್ಬರಿಗೆ ಆಸ್ತಿ ವಾಪಸ್ ಸಿಕ್ಕಿದ್ದು ನಿಜ. ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ನೋಡಬೇಕು ಎಂದೂ ಕೋರ್ಟ್ ಹೇಳಿತು. ಆದರೆ ಅಲ್ಲಿ ದಾನಪತ್ರದ ಜೊತೆಗೆ, ಕೊನೆತನಕ ನೋಡಿಕೊಳ್ಳುತ್ತೇನೆ ಎಂಬ ಮಗನ ವಚನಪತ್ರವೂ ಕೋರ್ಟಿನ ಮುಂದಿತ್ತು. ಫಾರ್ವರ್ಡ್ ಅದನ್ನು ಸುಮ್ನೆ ನುಂಗಿಬಿಟ್ಟಿದೆ.

ನಮ್ಮ ಕಡೆ ಪತ್ರಗಳಲ್ಲಿ "ಪ್ರೀತಿ ವಿಶ್ವಾಸದಿಂದ ಕೊಟ್ಟಿರುತ್ತೇನೆ" ಅಂತ ಬರೆದು ಮುಗಿಸುವುದೇ ಜಾಸ್ತಿ, ಅಲ್ವಾ? ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತುವ ಮೊದಲೇ ಷರತ್ತಿನ ಸಾಲು ಸೇರಿಸಿ. ಮಗ ಮುನಿಸಿಕೊಂಡರೂ ಪರವಾಗಿಲ್ಲ. ವಿಲ್ ಆದರೆ ಬದುಕಿರುವವರೆಗೂ ಮನೆ ನಿಮ್ಮದೇ, ಬೇಕಾದಾಗ ಬದಲಾಯಿಸಬಹುದು.

ಈಗಾಗಲೇ ತೊಂದರೆಯಲ್ಲಿದ್ದವರು ಕರ್ನಾಟಕದಲ್ಲಿ ಈ ಟ್ರಿಬ್ಯೂನಲ್ ನಡೆಸುವ ಉಪವಿಭಾಗಾಧಿಕಾರಿ, ಅಂದರೆ ಎಸಿ ಕಚೇರಿಗೆ ಅರ್ಜಿ ಕೊಡಬೇಕು. ದಾರಿ ಗೊತ್ತಾಗದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ.