ವರ್ಕಿಂಗ್ ಕಂಡೀಷನ್ ಸಾರ್

ಹಳೇ ಬ್ರಿಡ್ಜ್ ಕ್ಯಾಮೆರಾಗಳಿಗೆ ಗತ್ತು ಜಾಸ್ತಿ. ನೋಡಿದರೆ ಮದುವೆ ಮನೆ ಫೋಟೋಗ್ರಾಫರ್ ಕೈಯಲ್ಲಿ ಇರುವಂಥದ್ದೇ, ಆದರೆ ಲೆನ್ಸ್ ಬಿಚ್ಚಲು ಬರುವುದಿಲ್ಲ. 2001ರ ಸೋನಿ ಎಫ್707 ತಗೊಳ್ಳಿ. ಕ್ಯಾಮೆರಾಗೆ ಲೆನ್ಸ್ ಸಿಗಿಸಿದ್ದಾರೋ, ಲೆನ್ಸ್‌ಗೇ ಕ್ಯಾಮೆರಾ ಅಂಟಿಸಿದ್ದಾರೋ ಗೊತ್ತಾಗುವುದಿಲ್ಲ. 2004ರ ಪ್ಯಾನಾಸೋನಿಕ್ ಎಫ್‌ಜೆಡ್20 ಇದೆ. 12 ಪಟ್ಟು ಜೂಮ್ ಎಳೆದರೂ ಬೆಳಕು ಬರುವ ಕಿಂಡಿ ಕಿರಿದಾಗದು, ಎಫ್2.8 ಬಿಟ್ಟು ಅಲ್ಲಾಡುವುದಿಲ್ಲ. ಈಗಿನ ಯಾವ ಫೋನಿಗೆ ಆ ಧೈರ್ಯ ಇದೆ ಹೇಳಿ? ತುಮಕೂರಿನ ನಮ್ಮ ಮನೆ ಬೀರುವಿನಲ್ಲಿ ರೇಷ್ಮೆ ಸೀರೆಗಳು ಸರಿದು ಇವಕ್ಕೆ ಜಾಗ ಕೊಟ್ಟಿವೆ. ಗೊಣಗಾಟ ಸೀರೆಗಳದ್ದಲ್ಲ.

ಮಾರುವವರದ್ದು ಒಂದೇ ಮಾತು. ‘ವರ್ಕಿಂಗ್ ಕಂಡೀಷನ್ ಸಾರ್, ಕಾರ್ಡು, ಸೆಲ್ಲು ಇಲ್ಲ ಅಷ್ಟೇ.’ ಆ ‘ಅಷ್ಟೇ’ಗೇ ನಮ್ಮ ದುಡ್ಡೆಲ್ಲ ಹೋಗುವುದು. 2003ರ ಫ್ಯೂಜಿ ಎಸ್5000 ತಂದೆ. 10 ಪಟ್ಟು ಜೂಮ್, 3 ಮೆಗಾಪಿಕ್ಸೆಲ್. ಅದಕ್ಕೆ ಎಕ್ಸ್‌ಡಿ ಎಂಬ ಹಳೇ ನಮೂನೆಯ ಮೆಮೊರಿ ಕಾರ್ಡೇ ಆಗಬೇಕು. ಬಿ.ಎಚ್. ರಸ್ತೆಯ ಮೊಬೈಲ್ ಅಂಗಡಿ ಹುಡುಗ 128 ಜಿಬಿ ಕಾರ್ಡ್ ಮುಂದಿಟ್ಟ. ‘ಇದಲ್ಲಪ್ಪ, 256 ಎಂಬಿ ಇದ್ದರೆ ಸಾಕು’ ಎಂದೆ. ಅವನು ಒಳಗೆ ಹೋಗಿ ಓನರನ್ನೇ ಕರೆತಂದ. ಕೊನೆಗೆ ಆನ್‌ಲೈನಿನಲ್ಲಿ ಸಿಕ್ಕಿತು, ಕ್ಯಾಮೆರಾಗಿಂತ ಜಾಸ್ತಿ ಬೆಲೆಗೆ.

ಇನ್ನು ಸೆಲ್ಲು. ನಾಲ್ಕು ಪೆನ್ಸಿಲ್ ಸೆಲ್ ಬೇಕು. ಭಾನುವಾರ ಬೆಳಗ್ಗೆ ಮನೆಮಂದಿಯೆಲ್ಲ ದೇವರಾಯನದುರ್ಗಕ್ಕೆ ಹೊರಟೆವು. ನೋಡಿದರೆ ನನ್ನ ರೀಚಾರ್ಜ್ ಸೆಲ್ಲುಗಳೆಲ್ಲ ಮಗನ ಆಟದ ಕಾರಿನಲ್ಲಿ ಓಡಿ ಓಡಿ ಖಾಲಿಯಾಗಿದ್ದವು. ಹಾಲ್, ಅಡುಗೆಮನೆ, ನಮ್ಮ ರೂಮು, ಅಮ್ಮನ ರೂಮು, ಎಲ್ಲ ಕಡೆಯ ಗೋಡೆ ಗಡಿಯಾರದಿಂದ ಒಂದೊಂದು ಕಿತ್ತುಕೊಂಡೆ. ಗಡಿಯಾರವನ್ನು ವರ್ಷಗಟ್ಟಲೆ ಓಡಿಸುವ ಅಗ್ಗದ ಸೆಲ್ಲು ಈ ಕ್ಯಾಮೆರಾಗೆ ನಂಚಿಕೊಳ್ಳಲೂ ಸಾಲದು.

ನರಸಿಂಹಸ್ವಾಮಿ ದರ್ಶನ ಆಯಿತು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆ. ಲೆನ್ಸ್ ಗುರ್ರ್ ಎಂದು ಹೊರಗೆ ಬಂತು. ಮೂತಿ ಚಾಚಿಕೊಂಡೇ ಆಫ್ ಆಯಿತು. ನಾನು ಅದರ ಬೆನ್ನು ತಟ್ಟುತ್ತಿದ್ದಾಗ ಭಾವ ಫೋನ್ ತೆಗೆದು ಫೋಟೋ ಹೊಡೆದೇಬಿಟ್ಟರು. ಅದರಲ್ಲಿ ಎಲ್ಲರೂ ನನ್ನನ್ನು ನೋಡಿ ನಗುತ್ತಿದ್ದಾರೆ. ಫೋಟೋ ಮಾತ್ರ ಬಹಳ ಚೆನ್ನಾಗಿ ಬಂದಿದೆ.

ಮರುದಿನ ಸೋಮವಾರ. ಏಳೂವರೆಗೆ ರಾಹುಕಾಲ ಶುರು, ಅದಕ್ಕೆ ಮೊದಲೇ ಹೊರಡಬೇಕೆಂದು ಅಮ್ಮ ಸೀರೆ ಉಟ್ಟು ರೆಡಿಯಾಗಿ ಕೂತಿದ್ದರು. ಅವರ ಗಡಿಯಾರದಲ್ಲಿ ಏಳು ಗಂಟೆ. ಕಾಫಿ ಕುಡಿದರು, ಏಳು. ಹೂವು ಕಟ್ಟಿದರು, ಏಳು. ಪಕ್ಕದ ಮನೆ ಮಕ್ಕಳು ಸ್ಕೂಲಿಗೂ ಹೋದರು.

‘ಏನೋ, ಇವತ್ತು ರಾಹುಕಾಲ ಬರೋದೇ ಇಲ್ವೇನೋ?’ ಎಂದರು ಅಮ್ಮ.